‘ಒಂದೆರಡು ಕಡೆ’ ಎಂದರೆ ಎಷ್ಟು?

ತುಮಕೂರು ಜಿಲ್ಲೆಯ ‘ಒಂದೆರಡು ಕಡೆ’ ಗುಡುಗು ಸಹಿತ ಮಳೆ – ಏಪ್ರಿಲ್-ಮೇ ತಿಂಗಳುಗಳಲ್ಲಿ ಇದು ಪರಿಚಿತ ಮುನ್ಸೂಚನೆ. ಕುಣಿಗಲ್‌ನಲ್ಲಿ ಆಲಿಕಲ್ಲು ಸುರಿದು ಗುಬ್ಬಿಯಲ್ಲಿ ಹನಿಯೂ ಬೀಳದಿದ್ದರೆ, ಮುನ್ಸೂಚನೆ ಸುಳ್ಳಾಯಿತೆಂದು ಗುಬ್ಬಿಯವರು ನಗುತ್ತಾರೆ. ವಾಸ್ತವದಲ್ಲಿ ಅದು ನಿಜವಾಗಿದೆ. ಭಾರತೀಯ ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ ಆ ಮಾತಿಗೆ ಅಳತೆಯಿದೆ: ಮಳೆಮಾಪನ ಕೇಂದ್ರಗಳ ಪೈಕಿ ಶೇ. 25ನ್ನು ಮೀರದಷ್ಟು ಕಡೆ ಮಳೆ. ‘ಕೆಲವು ಕಡೆ’ ಎಂದರೆ ಶೇ. 26ರಿಂದ 50. ಪತ್ರಿಕೆಗಳು ಮಾತನ್ನು ಅಚ್ಚು ಹಾಕಿ ಅಳತೆಯನ್ನು ಬಿಡುತ್ತವೆ. ನನ್ನ ಆಕ್ಷೇಪ ಇದಕ್ಕೆ. ಮುನ್ಸೂಚನೆಯನ್ನು ಸುಳ್ಳೆಂದು ತಳ್ಳಿದವನು ಮರುದಿನ ಸಿಡಿಲಿನ ಎಚ್ಚರಿಕೆಯನ್ನೂ ತಳ್ಳಿ ತೆಂಗಿನ ಮರದಡಿ ನಿಲ್ಲುತ್ತಾನೆ.

ಗುಡುಗು ಮೋಡದ ಒಂದು ಕೋಶದ ಅಡ್ಡಳತೆ ಸಾಮಾನ್ಯವಾಗಿ 5-10 ಕಿ.ಮೀ., ಆಯುಸ್ಸು ಸುಮಾರು ಒಂದು ಗಂಟೆ. ಗುಬ್ಬಿ-ಕುಣಿಗಲ್ ನಡುವಿನ ನೇರ ಅಂತರವೇ 30 ಕಿ.ಮೀ.ಗೂ ಹೆಚ್ಚು!

ಸುಡುಬಿಸಿಲಿನ ದಿನ ಆಲಿಕಲ್ಲು ಬಿದ್ದರೆ ವರದಿಗಾರರಿಗೆ ಅದು ‘ಪ್ರಕೃತಿಯ ವಿಸ್ಮಯ’. ಆ ಬಿಸಿಲೇ ಮೇಲೇರುವ ಗಾಳಿಗೆ ಬಲ ಕೊಟ್ಟಿರುತ್ತದೆ. ಸುಮಾರು 5 ಕಿ.ಮೀ. ಎತ್ತರದಲ್ಲಿ ಉಷ್ಣತೆ 0° ಸೆ. ಅದಕ್ಕೂ ಮೇಲೆ ಹೆಪ್ಪುಗಟ್ಟದೆ ಉಳಿದ ಅತಿಶೀತಲ ಹನಿಗಳು ಹಿಮದ ಕಾಳಿಗೆ ತಾಗಿದೊಡನೆ ಗಟ್ಟಿಯಾಗುತ್ತವೆ. ಕಾಳು ಗಾಳಿ ಹೊರಲಾರದಷ್ಟು ಭಾರವಾದಾಗ ಬೀಳುತ್ತದೆ. ಇನ್ನು ಮೋಡದ ತಳದಿಂದ ಚೀಲಗಳು ಇಳಿಬಿದ್ದಂತೆ ಕಾಣುವ ಮ್ಯಾಮಟಸ್ ಪ್ರಳಯಸೂಚನೆಯೇನಲ್ಲ.

ಇಲಾಖೆಯ ಅಳತೆಯಲ್ಲೂ ಒಂದು ಕೊರತೆಯಿದೆ. ಅದು ಕೇಂದ್ರಗಳ ಲೆಕ್ಕ, ನೆಲದ ಲೆಕ್ಕವಲ್ಲ. ಎರಡು ಕೇಂದ್ರಗಳ ನಡುವೆ ಸುರಿದದ್ದು ಎಣಿಕೆಗೆ ಬರುವುದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನಿಟ್ಟಿರುವುದರಿಂದ ಆ ಸಂದು ಬಹಳ ಕಿರಿದಾಗಿದೆ. ಶಿಕ್ಷಕರು ಒಂದು ತಿಂಗಳ ಮುನ್ಸೂಚನೆಗಳನ್ನು ಆ ಅಂಕಿಗಳೊಡನೆ ಹೋಲಿಸಲು ವಿದ್ಯಾರ್ಥಿಗಳಿಗೆ ಹೇಳಬಹುದು.