ಗೋವೆಯ ಹಡಗು, ಹಳಿಯಾಳದ ಮಟ್ಟಿ

1535ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್‌ನಿಗೆ ಮಹಾನವಮಿಯ ಕುಸ್ತಿ ವಿಚಿತ್ರವಾಗಿ ಕಂಡಿತು. ಅರಸನ ಮುಂದೆ ಸೆಣಸಲು ಸಾವಿರ ಮಲ್ಲರಿದ್ದಾರೆ, ಆದರೆ ಇದು ನಮ್ಮ ಕಡೆಯ ಕುಸ್ತಿಯಲ್ಲ, ಕೈಯಲ್ಲಿ ಮೊನೆಯುಳ್ಳ ಬಳೆ ಹಿಡಿದು ಗುದ್ದಿಕೊಳ್ಳುತ್ತಾರೆ ಎಂದು ಬರೆದಿಟ್ಟ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗ ನೋಡಿದವರಿಗೆ ಆ ಬಳೆ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಬೋಳಿಸಿದ ತಲೆ, ಒಂದು ಜುಟ್ಟು, ಮೊದಲ ಹನಿ ರಕ್ತ ಕಂಡೊಡನೆ ಕಾಳಗ ಮುಗಿಯಿತು.

ಈ ಕಾಳಗವಾಡುವ ಜಟ್ಟಿಗಳೆಂಬ ಮಲ್ಲರನ್ನು ಅಪ್ಪಟ ಮೈಸೂರಿನವರೆಂದುಕೊಂಡರೆ ಅವರ ಕುಲದೇವತೆ ನಿಂಬಜಾದೇವಿ ಗುಜರಾತಿನ ಮೊಢೇರಾದತ್ತ ಬೆರಳು ತೋರಿಸುತ್ತಾಳೆ. ಇತ್ತ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ದರ್ಜೆ, ಊಟ, ಸಾಮು ಎಲ್ಲವನ್ನೂ ವಿವರಿಸಿದ್ದಾನೆ. ಭಾರ ಎತ್ತುವುದು, ಈಜುವುದು, ಕಂಬದ ಮೇಲಿನ ಕಸರತ್ತು ಎಲ್ಲಕ್ಕೂ ಅಲ್ಲಿ ಹೆಸರುಗಳಿವೆ. ಅನ್ನ ಹಾಕುವ ಅರಸನಿದ್ದಲ್ಲಿಗೆ ಮಲ್ಲರು ನಡೆದರು, ವಿದ್ಯೆಯೂ ಅವರ ಜೊತೆ ನಡೆಯಿತು. ‘ಎಲ್ಲ ಸಮರಕಲೆಗಳ ಮೂಲ ನಮ್ಮದೇ’ ಎಂದು ಎದೆ ತಟ್ಟುವವರಿಗೆ ಇದು ರುಚಿಸಲಾರದು.

ನೂನಿಜ್‌ನ ನಾಡಿನವರು 1510ರಿಂದ ಗೋವೆಯಲ್ಲಿ ಬೇರೂರಿದ್ದರು. ಅವರ ಹಡಗುಗಳು ಪೂರ್ವ ಆಫ್ರಿಕದಿಂದ ಗುಲಾಮರನ್ನೂ ತಂದವು. ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಇಂದು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಸಿದ್ದಿಗಳಲ್ಲಿದೆ. ಆಫ್ರಿಕದಿಂದ ಬಂದವರೆಲ್ಲ ಕಾಡು ಸೇರಲಿಲ್ಲ. 1580ರ ದಶಕದಲ್ಲಿ ಬಿಜಾಪುರದ ಆಡಳಿತದ ಚುಕ್ಕಾಣಿ ಹಿಡಿದಿದ್ದ ದಿಲಾವರ್ ಖಾನ್ ಕೂಡ ಹಬ್ಶಿಯೇ, ಅಂದರೆ ಆಫ್ರಿಕ ಮೂಲದವನೇ.

ಅದೇ ಪೋರ್ಚುಗೀಸರು ಅಂಗೋಲಾ ಕಡೆಯಿಂದ ಬ್ರೆಜಿಲ್‌ಗೆ ಸಾಗಿಸಿದವರ ನಡುವೆ ಕಾಪೊಯೆರಾ ಎಂಬ ಕಾಳಗ ಕಲೆ ಬೆಳೆಯಿತು. ಒಂಟಿ ತಂತಿಯ ಬೆರಿಂಬಾವಿನ ಲಯಕ್ಕೆ ಒದೆ, ಉರುಳು, ಹುಸಿಯೇಟು. 1890ರ ದಂಡ ಸಂಹಿತೆ ಅದನ್ನು ಅಪರಾಧವೆಂದಿತು. 1932ರಲ್ಲಿ ಮೆಸ್ತ್ರೆ ಬಿಂಬಾ ಸಾಲ್ವಡಾರ್‌ನಲ್ಲಿ ಅದಕ್ಕೊಂದು ಶಾಲೆ ತೆರೆದ. ಫಿಲಿಪೀನ್ಸ್‌ನ ಕಥೆಯಲ್ಲೂ ಒಬ್ಬ ಪೋರ್ಚುಗೀಸನಿದ್ದಾನೆ. ಸ್ಪೇನ್‌ನ ಚಾಕರಿಯಲ್ಲಿದ್ದ ಮೆಗಲನ್ 1521ರಲ್ಲಿ ಮಕ್ತಾನ್ ದ್ವೀಪದವರ ಕೈಯಲ್ಲಿ ಸತ್ತ. ಆಮೇಲೆ ಮುನ್ನೂರಕ್ಕೂ ಹೆಚ್ಚು ವರ್ಷ ಆಳಿದ ಸ್ಪೇನಿನವರ ಕತ್ತಿ-ಕಠಾರಿಯ ಜೋಡಿ, ಸ್ಥಳೀಯರ ಬೆತ್ತದ ವರಸೆಯೊಳಗೆ ಸೇರಿಹೋಯಿತು. ಅರ್ನಿಸ್ ಎಂಬ ಆ ವರಸೆ 2009ರಲ್ಲಿ ಅಲ್ಲಿನ ರಾಷ್ಟ್ರೀಯ ಕ್ರೀಡೆಯಾಯಿತು. ಅದರ ಹೆಸರಾಂತ ಸಂಘ ದೋಸೆ ಪಾರೆಸ್ ಸೆಬುವಿನಲ್ಲಿ ಹುಟ್ಟಿದ್ದೂ 1932ರಲ್ಲೇ. ನಮ್ಮ ಗರಡಿಯ ಮುದ್ಗರ, ಬ್ರಿಟಿಷ್ ಸೈನಿಕರ ಕೈದಾಟಿ ಪಶ್ಚಿಮಕ್ಕೆ ಹೋಗಿ, ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯಾದದ್ದೂ ಅದೇ ವರ್ಷ!

ಬ್ರೆಜಿಲ್‌ನಲ್ಲಿ ವಾದ್ಯ ಮತ್ತು ಕಾಳಗ ಒಂದೇ ವೃತ್ತದೊಳಗೆ ಉಳಿದವು. ಉತ್ತರ ಕನ್ನಡದ ಸಿದ್ದಿಗಳಲ್ಲಿ ಡಮಾಮಿ ಎಂಬ ವಾದ್ಯದ ಬಡಿತ, ಕುಣಿತ ಉಳಿಯಿತು. ಕಾಳಗ ಬಂದದ್ದು ಬೇರೆ ದಾರಿಯಿಂದ.

ಆ ದಾರಿಯ ಒಂದು ತುದಿ ಬೆಂಗಳೂರಿನ ಕೆಂಗೇರಿಯ ಬಳಿಯಿದೆ. ಜ್ಞಾನಭಾರತಿ ಆವರಣದಲ್ಲಿರುವುದು ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರ. 1987ರಲ್ಲಿ ಪ್ರಾಧಿಕಾರ ವಿಶೇಷ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆತಂದಿತು. ಆಫ್ರಿಕದ ಮೈಕಟ್ಟಿದ್ದರೆ ಪದಕ ತಾನಾಗಿ ಬರುತ್ತದೆಂಬ ಎಣಿಕೆ ಅದರ ಹಿಂದಿತ್ತು, ಸೋಮಾರಿ ಎಣಿಕೆ. ಹರ್ಡಲ್ಸ್‌ನಲ್ಲಿ ಕಮಲಾ ಸಿದ್ದಿ ಹೆಸರು ಮಾಡಿದರು, ಆದರೂ 1993ರ ಹೊತ್ತಿಗೆ ಸಿದ್ದಿಗಳ ಪಾಲಿನ ಯೋಜನೆ ನಿಂತಿತು.

ಹಳಿಯಾಳದ ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಅಖಾಡಕ್ಕೆ, ಅಂಥ ಎಣಿಕೆ ಬೇಕಾಗಲಿಲ್ಲ. ಬೆಳಗಾವಿ, ಧಾರವಾಡದ ಪೈಲ್ವಾನರ ಸೀಮೆಗೆ ಅಂಟಿಕೊಂಡ ಊರು ಅದು. ಕ್ರೀಡಾ ಇಲಾಖೆಯ ಕುಸ್ತಿ ವಸತಿನಿಲಯವೂ ಅಲ್ಲಿದೆ. ಲೀನಾ ಸಿದ್ದಿ, ಶಾಲಿನಾ ಸಿದ್ದಿಯಂಥ ಹುಡುಗಿಯರು ಕುಸ್ತಿಪಟುಗಳಾಗಿ ಬೆಳೆದದ್ದು ಈ ಸೀಮೆಯಲ್ಲೇ. ಅವರ ಪಟ್ಟುಗಳು ಆಫ್ರಿಕದವಲ್ಲ, ಕನ್ನಡ-ಮರಾಠಿ ಗಡಿಯ ಉಸ್ತಾದರವು. ಮೇಲೆ ಯುರೋಪಿನ ಫ್ರೀಸ್ಟೈಲ್ ನಿಯಮ: ಮಣ್ಣಿನಲ್ಲಿ ಎದುರಾಳಿಯನ್ನು ಚಿತ್ ಮಾಡಿದರಷ್ಟೇ ಗೆಲುವು, ಮ್ಯಾಟ್ ಮೇಲೆ 3 ನಿಮಿಷದ ಎರಡು ಸುತ್ತು, ಒಂದೊಂದು ಪಟ್ಟಿಗೂ ಅಂಕ. ಮಹಿಳಾ ಕುಸ್ತಿ ಒಲಿಂಪಿಕ್ಸ್‌ಗೆ ಬಂದದ್ದೇ 2004ರಲ್ಲಿ. ಹಾಗಾಗಿ ಮಣ್ಣಿನ ತಾಳ್ಮೆಯ ಹಿಡಿತದಿಂದ ಮ್ಯಾಟ್‌ನ ಚುರುಕು ಕಾಲೆಳೆತಕ್ಕೆ ಹೊರಳುವುದೇ ಈಗ ಈ ಹುಡುಗಿಯರ ದಿನನಿತ್ಯದ ಕಸರತ್ತು.