ದುಡಿಮೆಗೆ ಬೆಲೆ ಕಟ್ಟುವವರು ಯಾರು? ಆಗಸ್ಟ್ ವಿಲ್ಸನ್ ಅವರ ಮೂರು ನಾಟಕಗಳು

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಹಿಲ್ ಡಿಸ್ಟ್ರಿಕ್ಟ್ ವಲಸೆಗಾರರ ಬಡಾವಣೆ. ಪೂರ್ವ ಯೂರೋಪಿನ ಯಹೂದ್ಯರು, ಇಟಲಿಯವರು, ಸಿರಿಯಾದವರು, ದಕ್ಷಿಣದ ಹೊಲಗಳನ್ನು ತೊರೆದು ಕೆಲಸ ಅರಸಿ ಬಂದ ಕಪ್ಪು ಜನರು ಅಲ್ಲಿ ಅಕ್ಕಪಕ್ಕದಲ್ಲಿ ಬಾಳಿದರು. 1945ರಲ್ಲಿ ಅಲ್ಲಿಯೇ ಜನಿಸಿದ ಆಗಸ್ಟ್ ವಿಲ್ಸನ್, ಇಪ್ಪತ್ತನೆಯ ಶತಮಾನದ ದಶಕಕ್ಕೊಂದರಂತೆ ಹತ್ತು ನಾಟಕಗಳನ್ನು ರಚಿಸಿದರು. ಒಂಬತ್ತು ನಾಟಕಗಳ ನೆಲೆ ಈ ಬಡಾವಣೆಯೇ. ನೆಪೋಲಿಯನ್ ಕುರಿತು ಬರೆದ ಪ್ರಬಂಧ ಸ್ವಂತದ್ದೆಂದು ಶಿಕ್ಷಕರು ನಂಬದಿದ್ದುದರಿಂದ ಶಾಲೆ ಬಿಟ್ಟು, ಸಾರ್ವಜನಿಕ ಗ್ರಂಥಾಲಯದಲ್ಲಿ ಓದಿ ಬೆಳೆದವರು ಅವರು. ಶಾಲೆಯಲ್ಲಿ ಆಯುಷ್ಯ ಸವೆಸಿದ ನಮ್ಮಂಥವರು ಈ ಸಂಗತಿಯನ್ನು ಮರೆಯಲಾಗದು.

ವಿಲ್ಸನ್ನರ ಭಾಷೆಯನ್ನೂ ಅವರ ನಾಟಕಗಳಲ್ಲಿನ ಸಂಗೀತವನ್ನೂ ವಿಮರ್ಶಕರು ಬಹಳ ಹೊಗಳಿದ್ದಾರೆ. ನಮಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅವರು ದುಡಿಮೆಯನ್ನು ಕುರಿತು ಎತ್ತುವ ಪ್ರಶ್ನೆ: ದುಡಿಯುವವನು ಒಬ್ಬ, ಬೆಲೆ ಕಟ್ಟುವವನು ಇನ್ನೊಬ್ಬನಾದರೆ ನ್ಯಾಯವೆಲ್ಲಿ?

‘ಜಿಟ್ನಿ’ ನಾಟಕದ ಕಾಲ 1977. ಪರವಾನಗಿ ಪಡೆದ ಟ್ಯಾಕ್ಸಿಗಳು ಹಿಲ್‌ಗೆ ಬರಲೊಪ್ಪದ ಕಾರಣ, ಅಲ್ಲಿನವರೇ ಪರವಾನಗಿಯಿಲ್ಲದ ಬಾಡಿಗೆ ಕಾರುಗಳನ್ನು ಓಡಿಸುತ್ತಾರೆ. ಉಕ್ಕಿನ ಕಾರ್ಖಾನೆಯಿಂದ ನಿವೃತ್ತನಾದ ಬೆಕರ್ ಅದರ ಯಜಮಾನ. ಹೆಚ್ಚು ಬಾಡಿಗೆ ಕೇಳಬಾರದು, ಕುಡಿಯಬಾರದು, ಕಾರನ್ನು ಶುಚಿಯಾಗಿಡಬೇಕು ಎಂಬ ನಿಯಮಗಳನ್ನು ಅವನು ಗೋಡೆಗೆ ತೂಗುಹಾಕಿದ್ದಾನೆ. ಸರ್ಕಾರದ ಕಾಯಿದೆ ಒಪ್ಪದ ಈ ವೃತ್ತಿಗೆ ಅದರದೇ ಧರ್ಮವಿದೆ. ಕಟ್ಟಡವನ್ನು ನಗರಾಡಳಿತ ಮುಚ್ಚಿಸಲಿದೆ. ಬೆಕರ್ ಕಾರ್ಖಾನೆಯ ಅಪಘಾತದಲ್ಲಿ ಮಡಿಯುತ್ತಾನೆ. ಕೊನೆಯಲ್ಲಿ ಫೋನ್ ಗಂಟೆ ಬಾರಿಸಿದಾಗ, ಸೆರೆಮನೆಯಿಂದ ಬಂದು ತಂದೆಯೊಡನೆ ಮುನಿದಿದ್ದ ಮಗನೇ ಅದನ್ನೆತ್ತುತ್ತಾನೆ. ಉಪದೇಶವಿಲ್ಲದೆ ಇಷ್ಟು ಹೇಳಬಲ್ಲ ಮುಕ್ತಾಯಗಳು ವಿರಳ.

1969ರಲ್ಲಿ ನಡೆಯುವ ‘ಟೂ ಟ್ರೇನ್ಸ್ ರನ್ನಿಂಗ್’ ಮೂರರಲ್ಲಿ ಶ್ರೇಷ್ಠವೆಂಬುದು ನಮ್ಮ ಅಭಿಪ್ರಾಯ. ಹೋಟೆಲಿನ ಒಡೆಯ ಮೆಂಫಿಸ್ ತನ್ನ ಕಟ್ಟಡಕ್ಕೆ 25,000 ಡಾಲರಿಗೆ ಕಡಿಮೆ ಒಪ್ಪನು. ಅದೇ ಹೋಟೆಲಿಗೆ ಬರುವ ಹ್ಯಾಂಬೋನ್, ಮಾಂಸದ ಅಂಗಡಿಯ ಬಿಳಿಯ ಮಾಲೀಕನಿಗೆ ಬೇಲಿ ಬಣ್ಣ ಬಳಿದುಕೊಟ್ಟಿದ್ದಾನೆ. ಕೂಲಿಯಾಗಿ ಹಂದಿತೊಡೆ ಕೊಡುವ ಮಾತಿತ್ತು, ಸಿಗಲಿದ್ದುದು ಕೋಳಿ. ಅವನು ಅದನ್ನೊಲ್ಲದೆ, ಒಂಬತ್ತೂವರೆ ವರ್ಷದಿಂದ ದಿನವೂ ತನ್ನ ಪಾಲನ್ನು ಕೇಳುತ್ತಿದ್ದಾನೆ. ಮೆಂಫಿಸನಿಗೆ ಕಡೆಗೆ 35,000 ಡಾಲರ್ ದೊರೆಯುತ್ತದೆ. ಹ್ಯಾಂಬೋನ್ ಬರಿಗೈಯಲ್ಲಿ ಸಾಯುತ್ತಾನೆ. ಇಬ್ಬರ ಹಟವೂ ಒಂದೇ. ಆದರೆ ಒಬ್ಬನ ಕೈಯಲ್ಲಿ ಆಸ್ತಿಪತ್ರವಿದೆ, ಇನ್ನೊಬ್ಬನಲ್ಲಿ ಬಾಯಿಮಾತು ಮಾತ್ರ. ದೋಷವೊಂದನ್ನೂ ಹೇಳಬೇಕು: ಹೋಟೆಲನ್ನು ನಿಜವಾಗಿ ನಡೆಸುವವಳು ರೀಸಾ. ಗಂಡಸರ ಕಷ್ಟಗಳಿಗೆ ದೀರ್ಘ ಸಂಭಾಷಣೆಗಳನ್ನಿತ್ತ ನಾಟಕಕಾರರು ಅವಳ ದುಡಿಮೆಗೆ ಮಾತನ್ನೇ ಕೊಟ್ಟಿಲ್ಲ.

ಕೊನೆಯ ನಾಟಕ ‘ರೇಡಿಯೋ ಗಾಲ್ಫ್’ನ ಕಾಲ 1997. ಈಗ ಕೆಡವಲು ಹೊರಟವರು ಕಪ್ಪು ಉದ್ಯಮಿಗಳೇ. ಕೆಡವಬೇಕಾದ ಮನೆ ತಮ್ಮ ಸಂಸ್ಥೆಗೆ ಕಾನೂನುಬಾಹಿರವಾಗಿ ಬಂದಿದೆಯೆಂದು ತಿಳಿದಾಗ ಹಾರ್ಮಂಡ್ ತಡೆಯುತ್ತಾನೆ, ಪಾಲುದಾರ ರೂಸ್‌ವೆಲ್ಟ್ ತಡೆಯನು. ವಿಚಾರ ಗಂಭೀರವಾದದ್ದು, ಆದರೆ ಪಾತ್ರಗಳು ಬದುಕುವುದಕ್ಕಿಂತ ವಾದಿಸುವುದೇ ಹೆಚ್ಚಾಗಿ, ಹಿಂದಿನವುಗಳ ಕಾವು ಇಲ್ಲಿಲ್ಲ.

ಇವು ಕೇವಲ ಕಲ್ಪನೆಯಲ್ಲ. 1950ರ ದಶಕದಲ್ಲಿ ಕೆಳ ಹಿಲ್ ಭಾಗವನ್ನು ನಗರಾಭಿವೃದ್ಧಿಯ ಹೆಸರಿನಲ್ಲಿ ಕೆಡವಿದಾಗ ಸುಮಾರು 8,000 ಜನ ನೆಲೆ ಕಳೆದುಕೊಂಡರು. 400ಕ್ಕೂ ಹೆಚ್ಚು ಅಂಗಡಿ, ವ್ಯಾಪಾರಗಳು ಎದ್ದುಹೋದವು. ಅಲ್ಲಿ 1961ರಲ್ಲಿ ತೆರೆದ ಕ್ರೀಡಾಂಗಣವೂ ಇಂದಿಲ್ಲ. ವಿಲ್ಸನ್ನರು ಹುಟ್ಟಿ ಬೆಳೆದ ಮನೆಯಾದರೋ ದುರಸ್ತಿಗೊಂಡು 2022ರಲ್ಲಿ ಕಲಾಕೇಂದ್ರವಾಗಿ ತೆರೆದುಕೊಂಡಿದೆ.

ನಮ್ಮ ಸಂಘದ ನಾಟಕಪ್ರಿಯ ತರುಣರು ‘ಜಿಟ್ನಿ’ಯನ್ನು ಮೊದಲು ಓದಲಿ. ಒಂದೇ ಕೋಣೆ, ಒಂದು ಫೋನು, ಕೆಲವೇ ಪಾತ್ರಗಳು: ಸಣ್ಣ ರಂಗಮಂಚಕ್ಕೂ ಒಗ್ಗುವ ಕೃತಿಯಿದು.