ದೊಡ್ಡಮ್ಮನ ಹಾಡು, ಬ್ಲೋಕ್‌ನ ಕಿವಿ

ರಷ್ಯನ್ ಕವಿ ಅಲೆಕ್ಸಾಂಡರ್ ಬ್ಲೋಕ್‌ನನ್ನು ಓದಬೇಕು ಎಂದು ಬಂದವರಿಗೆ ನಾನು ಮೊದಲು ಪುಸ್ತಕ ಕೊಡುವುದಿಲ್ಲ, ಒಂದು ಹಾಡು ಕೇಳಿಸುತ್ತೇನೆ. 1902ರಲ್ಲಿ ರಖ್ಮಾನಿನೋವ್ ಸ್ವರ ಹಾಕಿದ ‘ಲೈಲಾಕ್’. ಎರಡು ನಿಮಿಷದ ಆಸುಪಾಸಿನದು. ಸಾಹಿತ್ಯ ಬ್ಲೋಕ್‌ನ ದೊಡ್ಡಮ್ಮ ಯೆಕತೆರೀನಾ ಬೆಕೆತೋವಾರದು.

ಇಂಥ ಹಾಡಿಗೆ ಅಲ್ಲಿ ‘ರೊಮಾನ್ಸ್’ ಎನ್ನುತ್ತಾರೆ. ನಮ್ಮ ಭಾವಗೀತೆಗೆ ದಾಯಾದಿ ಅನ್ನಿ. ಆದರೆ ಸಂಗತಿ ಹಾಕಿ ಬೆಳೆಸುವ ಸಲುಗೆ ಇಲ್ಲಿಲ್ಲ, ಪ್ರತಿ ಸ್ವರವೂ ಬರೆದಿಟ್ಟದ್ದು. ಪಿಯಾನೋವನ್ನು ಪಕ್ಕವಾದ್ಯವೆಂದು ಕಡೆಗಣಿಸಬೇಡಿ. ದನಿ ಬರುವ ಮೊದಲೇ ಅದು ಮೆಲ್ಲಗೆ ತೂಗತೊಡಗುತ್ತದೆ. ಮುಂಜಾವದ ಇಬ್ಬನಿಯಲ್ಲಿ ನಡೆದು ಲೈಲಾಕ್ ಗೊಂಚಲುಗಳ ನಡುವೆ ತನ್ನ ಪಾಲಿನ ಸುಖ ಹುಡುಕುವ ಜೀವದ ಹಾಡು ಇದು. ಲೈಲಾಕ್ ಹೂವಿಗೆ ಸಾಮಾನ್ಯವಾಗಿ ನಾಲ್ಕೇ ಎಸಳು. ಐದೆಸಳಿನದು ಸಿಕ್ಕರೆ ಅದೃಷ್ಟವೆಂಬುದು ರಷ್ಯನ್ನರ ನಂಬಿಕೆ. ಇಷ್ಟು ಗೊತ್ತಿದ್ದರೆ ಆ ಹುಡುಕಾಟ ಅರ್ಥವಾಗುತ್ತದೆ.

ಆಮೇಲೆ ಸಂಗೀತ ಪಕ್ಕಕ್ಕಿಟ್ಟು, ರಷ್ಯನ್ ಬಲ್ಲ ಯಾರಿಂದಾದರೂ ಅದೇ ಸಾಲುಗಳನ್ನು ಓದಿಸಿ. ಮೇಜಿನ ಮೇಲೆ ಬೆರಳು ತಟ್ಟಿ. ನಮ್ಮ ಲಘು-ಗುರು ಲೆಕ್ಕ ಮರೆತುಬಿಡಿ, ಒತ್ತು ಬಿದ್ದಲ್ಲಿ ಮಾತ್ರ ತಟ್ಟಬೇಕು. ಎರಡು ಹಗುರ, ಒಂದು ಒತ್ತು. ಮತ್ತೆ ಎರಡು ಹಗುರ, ಒಂದು ಒತ್ತು. ಬೆರಳು ಎಲ್ಲೂ ಎಡವದು.

ಬ್ಲೋಕ್ ಬೆಳೆದದ್ದು ಇಂಥ ಪದ್ಯ ಬರೆಯುವವರ ಮನೆಯಲ್ಲಿ. ಹುಟ್ಟಿದ್ದು 1880ರಲ್ಲಿ, ಪೀಟರ್ಸ್‌ಬರ್ಗಿನಲ್ಲಿ, ಸಸ್ಯವಿಜ್ಞಾನಿ ತಾತನ ಮನೆಯಲ್ಲಿ. ಅಪ್ಪ ದೂರದ ವಾರ್ಸಾದಲ್ಲಿ ಕಾನೂನು ಪ್ರಾಧ್ಯಾಪಕ. ಅಜ್ಜಿ, ಅಮ್ಮ, ಚಿಕ್ಕಮ್ಮ ಮರಿಯಾ ಮೂವರೂ ಅನುವಾದಕಿಯರು. ಐದರ ಹೊತ್ತಿಗೇ ಹುಡುಗ ಪದ್ಯ ಕಟ್ಟತೊಡಗಿದ. ಶಾಲೆಯ ದಿನಗಳಲ್ಲಿ ‘ವೆಸ್ತ್ನಿಕ್’ ಎಂಬ ಕೈಬರಹದ ಪತ್ರಿಕೆ ನಡೆಸಿದ, ಮನೆಮಂದಿಯೇ ಅದರ ಲೇಖಕರು. ದೊಡ್ಡಮ್ಮ ಮಾತ್ರ ಅವನಿಗೆ ಹನ್ನೊಂದಾಗಿದ್ದಾಗ, 1892ರಲ್ಲಿ, ತೀರಿಕೊಂಡಿದ್ದರು.

ಅವರಿಂದ ಬಂದದ್ದು ವಸ್ತುವಲ್ಲ, ಕಿವಿ ಎಂಬುದು ನನ್ನ ಅನಿಸಿಕೆ. ಬ್ಲೋಕ್‌ನ ಎಷ್ಟೋ ಪದ್ಯಗಳಲ್ಲಿ ಎರಡು ಒತ್ತುಗಳ ನಡುವೆ ಒಮ್ಮೆ ಒಂದಕ್ಷರ, ಒಮ್ಮೆ ಎರಡು. ‘ದೋಲ್ನಿಕ್’ ಎನ್ನುವ ಈ ಸಡಿಲ ಲಯ ರಷ್ಯನ್ ಕಾವ್ಯದಲ್ಲಿ ಬೇರೂರಿದ್ದರಲ್ಲಿ ಅವನ ಪಾಲು ದೊಡ್ಡದು. ಬಿಗಿ ಲಯವನ್ನು ಮನೆಮಾತಿನಂತೆ ಕೇಳಿ ಬೆಳೆದವನಿಗಲ್ಲದೆ ಎಲ್ಲಿ, ಎಷ್ಟು ಸಡಿಲಿಸಬೇಕೆಂಬುದು ಹೊಳೆಯುವುದು ಕಷ್ಟ. ಅವನ ಪದ್ಯಕ್ಕೂ ಹಾಗೇ ಬೆರಳು ತಟ್ಟುತ್ತಾ ಹೋಗಿ. ಬೆರಳು ತಡವರಿಸಿದ ಕಡೆ ನಿಲ್ಲಿಸಿ, ಆ ಸಾಲನ್ನು ಇನ್ನೊಮ್ಮೆ ಓದಿಸಿ.

ಬಾಲ್ಯದ ವಿವರ ಬೇಕಿದ್ದರೆ ಚಿಕ್ಕಮ್ಮ ಮರಿಯಾ ಬರೆದ ಜೀವನಚರಿತ್ರೆಯಿದೆ. ಅವನು ತೀರಿಕೊಂಡ ಮರುವರ್ಷ, 1922ರಲ್ಲಿ ಬಂದದ್ದು. ಅಕ್ಕರೆ ಜಾಸ್ತಿ, ವಿಮರ್ಶೆ ಕಮ್ಮಿ. ಆದರೂ ಆ ಮನೆಯ ಒಳಗಿನ ಮಾತಿಗೆ ನಾನು ಅದನ್ನೇ ನೆಚ್ಚುವುದು.